ಬಾಡಿಗೆ ಕೇಳುವ ಮೊದಲು ನೀರು ಕೇಳಿ
ಹಾಸ್ಟೆಲ್, ಪಿಜಿ, ರೂಮು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಗಳಿಗೆ ಧಾರವಾಡದಲ್ಲಿ ಬಿಎಸ್‌ಸಿ ಸೀಟು ಸಿಕ್ಕಿದೆ. ಕಾಲೇಜಿನ ಹಾಸ್ಟೆಲ್ ಭರ್ತಿಯಾಗಿದೆ ಅಂತಾರೆ. ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕೋಣೋ, ಪಿಜಿ ನೋಡೋಣೋ? ನಮ್ಮದು ಒಣಬೇಸಾಯ.
— ಒಬ್ಬ ತಂದೆ, ರೋಣ

ಎರಡಕ್ಕೂ ಒಟ್ಟೊಟ್ಟಿಗೆ ಓಡಾಡಿ. ಸರ್ಕಾರಿ ಹಾಸ್ಟೆಲಿನ ಆಯ್ಕೆ ಪಟ್ಟಿ ಬರುವಷ್ಟರಲ್ಲಿ ತರಗತಿ ಶುರುವಾಗಿ ಬಿಟ್ಟಿರುವುದುಂಟು. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲುಗಳಿಗೆ ಅರ್ಜಿ ಹಾಕುವುದು ರಾಜ್ಯ ಹಾಸ್ಟೆಲ್ ಪೋರ್ಟಲಿನಲ್ಲಿ. ಆಧಾರ್, ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆ, ಕಾಲೇಜಿನ ಪ್ರವೇಶ ರಸೀದಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಕೈಯಲ್ಲಿಟ್ಟುಕೊಂಡೇ ಕೂರಿ. ಅರ್ಜಿ ಎಡವುವುದು ಹೆಚ್ಚಾಗಿ ಎರಡು ಕಡೆ. ಒಂದು, ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಈಗ ಮುಗಿದಿರಬಹುದು. ಎರಡು, ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಅಡ್ಡಹೆಸರು ಸೇರಿದ ಇನ್ನೊಂದು ಹೆಸರು. ಇವೆರಡನ್ನೂ ಇವತ್ತೇ ನೋಡಿಕೊಳ್ಳಿ, ನಾಡಕಚೇರಿ ಕೆಲಸಕ್ಕೆ ದಿನಗಳು ಬೇಕು.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ: ಊಟ, ವಸತಿಗೆಂದು ತಿಂಗಳಿಗಿಷ್ಟು ಎಂದು 10 ತಿಂಗಳ ಹಣ. ಅರ್ಜಿ ವಿದ್ಯಾರ್ಥಿವೇತನದ ಪೋರ್ಟಲಿನಲ್ಲಿ. ಆಧಾರ್ ಜೋಡಣೆಯಾದ ಖಾತೆಗೇ ಹಣ ಬೀಳುವುದರಿಂದ ಬ್ಯಾಂಕಿಗೆ ಹೋಗಿ ಜೋಡಣೆ ಖಚಿತ ಮಾಡಿಕೊಳ್ಳಿ. ಆದರೆ ಆ ಹಣ ನಂಬಿ ತಿಂಗಳ ಬಾಡಿಗೆ ಒಪ್ಪಬೇಡಿ. ಅದು ಬಂದಾಗ ಬರುತ್ತದೆ, ಬಾಡಿಗೆ ಒಂದನೇ ತಾರೀಖಿಗೇ ಕೊಡಬೇಕು.

ಮಗಳಿಗೆ ಪಿಜಿ ನೋಡುವಾಗ ಬಚ್ಚಲಿಗೆ ಹೋಗಿ ತಲೆ ಎತ್ತಿ ನೋಡಿ. ಗ್ಯಾಸ್ ಗೀಸರ್ ಒಳಗೇ ಇದ್ದು ಗಾಳಿಕಿಂಡಿ ಸಣ್ಣದಿದ್ದರೆ ಆ ಪಿಜಿ ಬೇಡವೇ ಬೇಡ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದಾಗ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ತಲೆಸುತ್ತಿ ಅಲ್ಲೇ ಬೀಳುತ್ತಾರೆ, ಚಿಲಕ ಒಳಗಿನಿಂದ ಹಾಕಿರುತ್ತದೆ. ಗೀಸರ್, ಸಿಲಿಂಡರ್ ಎರಡೂ ಹೊರಗಿರಬೇಕು, ಒಳಗೆ ಬಿಸಿನೀರಿನ ಪೈಪು ಮಾತ್ರ ಬರಬೇಕು.

ಸಪ್ತಾಪುರದಲ್ಲಿ ಮೂವರು ಸೇರಿ ರೂಮು ಮಾಡಬೇಕಂತಿದ್ದೀವಿ. ಮೇಲಿನ ಮಹಡಿ, ಬಾಡಿಗೆ 6,000, ಡಿಪಾಸಿಟ್ 30,000. ಭಾನುವಾರದೊಳಗೆ ರೊಕ್ಕ ಕೊಡ್ರಿ, ಇಲ್ಲಾಂದ್ರ ಬೇರೆಯವರಿಗೆ ಅಂತಾರೆ ಮಾಲೀಕರು. ಏನೇನು ನೋಡಬೇಕು?
— ಮೂವರು ವಿದ್ಯಾರ್ಥಿಗಳು, ಹಾನಗಲ್

ಮೊದಲ ಪ್ರಶ್ನೆ ನೀರಿನದೇ ಆಗಲಿ. ಹುಬ್ಬಳ್ಳಿ-ಧಾರವಾಡ ಅವಳಿನಗರಕ್ಕೆ ಬಹುಪಾಲು ನೀರು ಬರುವುದು ಸವದತ್ತಿ ಹತ್ತಿರದ ನವಿಲುತೀರ್ಥದಿಂದ, ಮಲಪ್ರಭೆಯದು. ಕೆಲವು ವಾರ್ಡುಗಳಲ್ಲಿ ದಿನವಿಡೀ ನೀರಿದೆ, ಉಳಿದ ಕಡೆ ಕೆಲವು ದಿನಕ್ಕೊಮ್ಮೆ. ಪೈಪು ಒಡೆದರೆ, ಪಂಪ್‌ಹೌಸಿನಲ್ಲಿ ಕರೆಂಟು ಹೋದರೆ ಸರದಿ ಇನ್ನೂ ಮುಂದಕ್ಕೆ. ಹೀಗಾಗಿ "ನೀರಿಗೇನೂ ತೊಂದರೆ ಇಲ್ಲ" ಎಂಬ ಮಾತಿಗೆ ಸುಮ್ಮನಾಗಬೇಡಿ. ನಳದ ನೀರು ಎಷ್ಟು ದಿನಕ್ಕೊಮ್ಮೆ, ಸಂಪು ಎಷ್ಟು ಲೀಟರು, ಮೇಲಿನ ಟಾಕಿ ಎಷ್ಟು ಲೀಟರು, ಆ ಟಾಕಿ ಎಷ್ಟು ಜನಕ್ಕೆ: ಈ ನಾಲ್ಕನ್ನು ಕೇಳಿ ಲೆಕ್ಕ ಹಾಕಿ.

ಸ್ನಾನ, ಬಟ್ಟೆ, ಸಂಡಾಸು, ಪಾತ್ರೆ ಎಲ್ಲಾ ಸೇರಿ ತಲೆಗೆ 80 ಲೀಟರು ಹಿಡಿಯಿರಿ. ಕಟ್ಟಡದಲ್ಲಿ 12 ಹುಡುಗರಿದ್ದು 5 ದಿನಕ್ಕೊಮ್ಮೆ ನೀರು ಬಂದರೆ 4,800 ಲೀಟರು ಕೂಡಿಡಲು ಜಾಗ ಬೇಕು. ಮೇಲೆ 1,000 ಲೀಟರಿನ ಸಿಂಟೆಕ್ಸ್ ಒಂದೇ ಇದ್ದು ಕೆಳಗೆ ಸಂಪಿಲ್ಲ ಅಂದರೆ ಎರಡನೇ ದಿನ ಬೆಳಿಗ್ಗೆ ಕೊಡ ಹಿಡಿದು ನಿಲ್ಲುವುದೇ. ಬೋರ್‌ವೆಲ್ ಇದ್ದರೆ ಬಳಕೆಗೆ ಅನುಕೂಲ. ಕುಡಿಯಲಿಕ್ಕೆ ಗಡಸು ನೀರಾದೀತು, ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬುವ ಘಟಕ ಹತ್ತಿರದಲ್ಲಿದೆಯೇ ನೋಡಿಕೊಳ್ಳಿ. ನಿಜ ಸಂಗತಿ ತಿಳಿಯಬೇಕಾದರೆ ಪಕ್ಕದ ರೂಮಿನ ಹುಡುಗರನ್ನು ಕೇಳಿ, ಅದೂ ಮಾಲೀಕರು ಎದುರಿಗಿಲ್ಲದಾಗ.

ಆಮೇಲೆ ಕರೆಂಟು. ರೂಮಿಗೆ ಬೇರೆ ಮೀಟರ್ ಇದೆಯೇ? ಇದ್ದರೆ ಬಾಡಿಗೆಯವರೂ ಗೃಹಜ್ಯೋತಿಗೆ ನೋಂದಾಯಿಸಬಹುದು. ನಾಲ್ಕು ರೂಮಿಗೆ ಒಂದೇ ಮೀಟರ್ ಆದರೆ 200 ಯೂನಿಟ್ ದಾಟುವುದು ಸುಲಭ, ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ನೀರು ಕಾಯಿಸುವ 1,500 ವ್ಯಾಟಿನ ರಾಡನ್ನು ಸಣ್ಣ ಪ್ಲಗ್ಗಿಗೆ ಚುಚ್ಚಬೇಡಿ. ಅದು 6 ಆಂಪಿಯರಿನದು, 230ರಿಂದ ಗುಣಿಸಿದರೆ 1,380 ವ್ಯಾಟಿಗೇ ಮುಗಿಯಿತು. ಮೇಲೆ ಎಕ್ಸ್‌ಟೆನ್ಷನ್ ಬಾಕ್ಸು ಸೇರಿತೆಂದರೆ ಪಿನ್ನು ಕಾದು ಪ್ಲಾಸ್ಟಿಕ್ ಕರಗುತ್ತದೆ. ದಪ್ಪ ಪಿನ್ನಿನ 16 ಆಂಪಿಯರ್ ಪಾಯಿಂಟ್ ಇದೆಯೇ ನೋಡಿ. ರಾಡಿನ ಸ್ವಿಚ್ ಆರಿಸಿ ಪಿನ್ನು ಕಿತ್ತ ಮೇಲಷ್ಟೇ ನೀರಿಗೆ ಕೈ ಹಾಕಬೇಕು.

ಆಮೇಲೆ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಬೇಗ ಒಣಗುವುದಿಲ್ಲ. ಮೇಲಿನ ಮಹಡಿಯಾದ್ದರಿಂದ ಮಾಳಿಗೆಯ ಮೂಲೆಗಳಲ್ಲಿ ಹಳದಿ ಕಲೆ, ಉಬ್ಬಿದ ಸುಣ್ಣ ಇದೆಯೇ ನೋಡಿ. ಬೇಸಿಗೆಯಲ್ಲೂ ಅದು ಮುಚ್ಚಿಡಲಾಗದ ಗುರುತು. ಹೊಸದಾಗಿ ಬಳಿದ ಒಂದೇ ಗೋಡೆ ಕಂಡರೆ ಯಾಕೆಂದು ಕೇಳಿ.

ಹಣ ಕೊಡುವುದು ಕರಾರು ಬರೆದ ಮೇಲೆ. 11 ತಿಂಗಳಿಗೆ ಬರೆಯುವುದು ವಾಡಿಕೆ, ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ. ಡಿಪಾಸಿಟ್ ಮೊತ್ತ, ಎಷ್ಟು ದಿನ ಮೊದಲು ತಿಳಿಸಿ ಬಿಡಬೇಕು, ಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳುತ್ತಾರೆ, ಮೂವರಲ್ಲಿ ಒಬ್ಬ ನಡುವೆ ಬಿಟ್ಟರೆ ಅವನ 10,000 ಯಾರು ಕೊಡಬೇಕು, ಎಲ್ಲವೂ ಕಾಗದದ ಮೇಲೆ ಬರಲಿ. ರೂಮು ಬಿಡುವಾಗ ಜಗಳ ಹುಟ್ಟುವುದು ಈ ಕೊನೆಯ ಮಾತಿನಿಂದಲೇ. ನಗದು ಬೇಡ, ಖಾತೆಗೆ ಹಾಕಿ. ಕೀಲಿ ಪಡೆದ ದಿನವೇ ಗೋಡೆ, ನಳ, ಕಿಟಕಿಯ ಗಾಜು, ಮೀಟರಿನ ಅಂಕಿ ಫೋಟೊ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿ.

ಭಾನುವಾರದ ಗಡುವಿಗೆ ಹೆದರಬೇಡಿ. ಆ ರೂಮು ಹೋದರೆ ಕೆಲಗೇರಿ ಕಡೆ, ಕಲ್ಯಾಣನಗರ, ಮಾಳಮಡ್ಡಿಗಳಲ್ಲಿ ಇನ್ನೊಂದು ನೋಡಬಹುದು.

ಮಗನ ಕಾಲೇಜು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಗೆಳೆಯರು ಇದ್ದಾರಂತ ಧಾರವಾಡದಲ್ಲಿ ರೂಮು ಮಾಡ್ತೀನಿ ಅಂತಾನೆ.
— ಓದುಗರು, ಶಿಗ್ಗಾವಿ

ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನ ದಾರಿ ಸುಮಾರು 22 ಕಿಲೋಮೀಟರು, ಬಸ್ಸೂ ಬೇಗ ಹೋಗುತ್ತದೆ. ಆದರೆ ರೂಮಿನಿಂದ ನಿಲ್ದಾಣಕ್ಕೆ ನಡೆಯುವುದು, ಕಾಯುವುದು ಸೇರಿ ದಿನಕ್ಕೆ ಎರಡು ತಾಸಿಗೂ ಮಿಕ್ಕಿ ದಾರಿಯಲ್ಲೇ ಹೋದೀತು, ಪರೀಕ್ಷೆಯ ದಿನವೂ ಅಷ್ಟೇ. ವಿದ್ಯಾನಗರ ದುಬಾರಿ ಎನಿಸಿದರೆ ಉಣಕಲ್, ಭೈರಿದೇವರಕೊಪ್ಪ, ನವನಗರ ನೋಡಿ. ಮೂರೂ ಚಿಗರಿ ದಾರಿಯಲ್ಲೇ ಇವೆ.

ಪಿಜಿ ಮಂಚದಲ್ಲಿ ತಿಗಣೆ. ಗಾದಿ ಬಿಸಿಲಿಗೆ ಹಾಕಿದರೂ ಹೋಗ್ತಿಲ್ಲ.
— ವಿದ್ಯಾರ್ಥಿನಿ, ಗದಗ

ಬಿಸಿಲಿಗೆ ಮೇಲಿನವು ಒಳಕ್ಕೆ ಸರಿಯುತ್ತವೆ, ಸಾಯುವುದಿಲ್ಲ. ಮೊಬೈಲ್ ಬೆಳಕಿನಲ್ಲಿ ಗಾದಿಯ ಅಂಚಿನ ಹೊಲಿಗೆಯ ಮಡಿಕೆ ಬಿಡಿಸಿ ನೋಡಿ: ಶಾಯಿ ಚಿಮ್ಮಿದಂಥ ಕರಿ ಚುಕ್ಕೆಗಳಿದ್ದರೆ ಗೂಡು ಅಲ್ಲಿದೆ. ಕಬ್ಬಿಣದ ಮಂಚವಾದರೆ ಕಾಲಿನ ಪೈಪಿನ ಬಾಯಿ, ಬೋಲ್ಟಿನ ಸಂದು ನೋಡಿ. ಮಂಚ ಹೊರಗೊಯ್ದು ಅಲ್ಲಿಗೆ ಕುದಿಯುವ ನೀರು ಹೊಯ್ಯಿರಿ. ಹೊದಿಕೆ, ದಿಂಬಿನ ಚೀಲಗಳನ್ನು 60 ಡಿಗ್ರಿಗಿಂತ ಬಿಸಿಯಾದ ನೀರಲ್ಲಿ ಅದ್ದಿಡಿ. ಔಷಧಿ ಹೊಡೆಸುವುದಾದರೆ ಅಕ್ಕಪಕ್ಕದ ರೂಮುಗಳಿಗೂ ಅದೇ ದಿನ ಆಗಬೇಕು, ಇಲ್ಲದಿದ್ದರೆ ಗೋಡೆ ದಾಟಿ ಮರಳುತ್ತವೆ. ಔಷಧಿಗೆ ಜಗ್ಗದ ಮೊಟ್ಟೆ ವಾರ, ಹತ್ತು ದಿನದಲ್ಲಿ ಒಡೆಯುವುದರಿಂದ ಎರಡು ವಾರಕ್ಕೆ ಇನ್ನೊಮ್ಮೆ ಹೊಡೆಸಬೇಕು. ಅನೇಕರು ಈ ಎರಡನೇ ಸಲ ಬಿಟ್ಟೇ ಸೋಲುತ್ತಾರೆ.

ಹಾಸ್ಟೆಲಿನಲ್ಲಿ ಸೀನಿಯರುಗಳು ರಾತ್ರಿ ಎಬ್ಬಿಸಿ ಕರೀತಾರೆ. ದೂರು ಕೊಟ್ಟರೆ ಇನ್ನೂ ಹೆಚ್ಚಾಗುತ್ತಾ?
— ಹೆಸರು ಬೇಡ, ಹಾವೇರಿ

ಸುಮ್ಮನಿದ್ದರೇ ಹೆಚ್ಚಾಗುತ್ತದೆ. 1800-180-5522, ರ‍್ಯಾಗಿಂಗ್ ವಿರುದ್ಧದ ರಾಷ್ಟ್ರೀಯ ಸಹಾಯವಾಣಿ. ಕರೆ ಉಚಿತ, ರಾತ್ರಿಯೂ ಎತ್ತುತ್ತಾರೆ. ದಿನಾಂಕ, ಸಮಯ, ರೂಮಿನ ನಂಬರು ಬರೆದಿಟ್ಟುಕೊಂಡು ಇವತ್ತೇ ಮಾಡಿ, ಮನೆಯವರಿಗೂ ಹೇಳಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ರ‍್ಯಾಗಿಂಗ್ ತಡೆ ನಿಯಮ ಕಾಲೇಜಿನ ಆವರಣದ ಹೊರಗಿನ ಹಾಸ್ಟೆಲಿಗೂ ಅನ್ವಯಿಸುತ್ತದೆ.

ಹುಬ್ಬಳ್ಳಿಯಲ್ಲಿರೋ ಮಗನಿಗೆ ಬಸ್ಸಿಗೆ ಡಬ್ಬಿ ಕಳಿಸ್ತೀನಿ. ಮಳೆಗಾಲದಾಗ ರೊಟ್ಟಿ ಬೂಷ್ಟು ಹಿಡೀತಾವ, ಪಲ್ಲೆ ಹಳಸತೈತಿ.
— ಒಬ್ಬ ತಾಯಿ, ಸವಣೂರು

ಅಕ್ಕಾರೆ, ರೊಟ್ಟಿ ಕೆಡುವುದು ದಾರಿಯಲ್ಲಲ್ಲ, ಕಟ್ಟುವಾಗ. ಖಡಕ್ ರೊಟ್ಟಿ ಪೂರ್ತಿ ಆರಬೇಕು, ಮುರಿದರೆ ಟಕ್ ಎನ್ನಬೇಕು. ಬಿಸಿ ಇರುವಾಗಲೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಅದರ ಹಬೆಯೇ ಒಳಗೆ ನೀರಾಗಿ ಬೂಷ್ಟು ತರುತ್ತದೆ. ಆರಿದ ಮೇಲೆ ಒಣ ಅರಿವೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ. ಮೆತ್ತನೆಯ ರೊಟ್ಟಿ ಒಂದು ಹೊತ್ತಿಗಾಗುವಷ್ಟೇ ಇರಲಿ.

ಪಲ್ಲೆಗೆ ಹಸಿ ಕೊಬ್ಬರಿ ಬೇಡ, ನೀರು ಆರುವವರೆಗೆ ಹುರಿದ ಒಣಪಲ್ಲೆ ಕಳಿಸಿ, ಅದನ್ನೂ ಅವತ್ತೇ ತಿನ್ನಲು ಹೇಳಿ. ದಿನಗಟ್ಟಲೆ ಬಾಳುವುದು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಯಂಥ ಚಟ್ನಿಪುಡಿ. ಹಸಿ ಚಮಚ ಅದ್ದದಿದ್ದರೆ ಸಾಕು. ಮೊಸರು ಅಲ್ಲೇ ಕೊಳ್ಳಲಿ. ರಾತ್ರಿ ಊಟವನ್ನಾದರೂ ಖಾನಾವಳಿಯಲ್ಲಿ ಮಾಡಲಿ. ಬರೀ ರೊಟ್ಟಿ, ಹಿಂಡಿಯಲ್ಲಿ ಕಾಯಿಪಲ್ಲೆ ಕಡಿಮೆಯಾಗುತ್ತದೆ.

ಎರಡು ಡಬ್ಬಿ ಇಟ್ಟುಕೊಳ್ಳಿ: ಒಂದು ಹೋಗುವಾಗ ಇನ್ನೊಂದು ಬರಲಿ. ಮುಚ್ಚಳದ ಮೇಲೆ ಪೇಂಟಿನಿಂದ ಹೆಸರು, ಮೊಬೈಲ್ ನಂಬರು ಬರೆಸಿ, ಚೀಟಿ ಅಂಟಿಸಿದರೆ ಮಳೆಗೆ ಅಳಿಸುತ್ತದೆ. ಬಸ್ಸು ಬಿಟ್ಟ ಕೂಡಲೇ ಬಸ್ಸಿನ ನಂಬರನ್ನು ಮಗನಿಗೆ ಫೋನಿನಲ್ಲಿ ಹೇಳಿ. ಅವನು ನಿಲ್ದಾಣದಲ್ಲಿ ಕಾಲು ತಾಸು ಮೊದಲೇ ಇರಬೇಕು. ಬಸ್ಸು ಡಿಪೋಕ್ಕೆ ಹೋಯಿತೆಂದರೆ ಡಬ್ಬಿಯೂ ಅದರ ಜೊತೆಗೇ ಹೋಗುತ್ತದೆ.