ಹಣ್ಣು ತಿನ್ನುವ ಬಾವಲಿ ಪಾಳು ಜಮೀನನ್ನು ಕಾಡು ಮಾಡುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ಊರಂಚಿನ ಆಲದ ಮರದಲ್ಲಿ ನೂರಾರು ಬಾವಲಿ ನೇತಾಡುತ್ತಿವೆ, ಬಾವಲಿಯಿಂದ ಹರಡುವ ನಿಫಾ ವೈರಸ್ಸಿನ ಹೆದರಿಕೆಗೆ ಮರವನ್ನೇ ಕಡಿಸೋಣ ಅಂತ ಊರವರು ಮಾತಾಡುತ್ತಿದ್ದಾರೆ. ಹತ್ತಿರದಲ್ಲೇ ನಿಮ್ಮದೊಂದು ಪಾಳು ಬಿದ್ದ ಬ್ಯಾಣ (ಹುಲ್ಲು ಬೆಳೆಯುವ ಬಯಲು ಜಮೀನು) ಇದೆ. ಬಾವಲಿ ಕಾಡು ಬೆಳೆಸುತ್ತದೆ ಅಂತ ಎಲ್ಲೋ ಓದಿದ್ದೀರಿ. ಅದು ನಿಜವಾ, ಗಿಡ ನೆಡದೆ ಸುಮ್ನೆ ಬಿಟ್ಟರೆ ಬ್ಯಾಣ ಕಾಡಾಗುತ್ತದಾ?

ಅರ್ಧ ನಿಜ. ಬಾವಲಿ ಕಾಡನ್ನು ಶುರು ಮಾಡಿಕೊಡುತ್ತದೆ, ಮುಗಿಸಿಕೊಡುವುದಿಲ್ಲ. ನಾನು ವಿಜ್ಞಾನಿ ಅಲ್ಲ, ಅಡಿಕೆ ತೋಟದವನು. ಬಾವಲಿ ನಮ್ಮ ತೋಟಕ್ಕೂ ಬರುತ್ತವೆ, ಹಣ್ಣಡಿಕೆಯ ಸಿಪ್ಪೆ ಚೀಪಿ ಉಳಿದ ಅಡಿಕೆಯನ್ನು, ಅಂದರೆ ಗೋಟನ್ನು, ಹಲಸಿನ ಮರದಡಿ ಉದುರಿಸಿ ಹೋಗುತ್ತವೆ. ಆ ಸಿಟ್ಟಿನಲ್ಲೇ ಇವುಗಳ ಬಗ್ಗೆ ಓದಲು ಶುರು ಮಾಡಿದ್ದು.

ಪಾಳು ಜಮೀನಿನ ಒಂದು ದೊಡ್ಡ ಕಷ್ಟ ಬೀಜದ್ದು. ಅಲ್ಲಿಗೆ ಬೀಜ ಬರುವುದೇ ಕಡಿಮೆ. ಹಕ್ಕಿಗಳು ಹಣ್ಣು ತಿಂದು ಹೆಚ್ಚಾಗಿ ಇನ್ನೊಂದು ಕೊಂಬೆಯ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಹಗಲಲ್ಲಿ ಬಯಲು ದಾಟಲು ಅವಕ್ಕೆ ಗಿಡುಗದ ಭಯ ಬೇರೆ. ಹಾಗಾಗಿ ಹಕ್ಕಿ ತಂದ ಬೀಜ ಬಹುಪಾಲು ಮರ ಇರುವ ಕಡೆಯೇ ಬೀಳುತ್ತದೆ. ಬಾವಲಿಗೆ ಈ ತಾಪತ್ರಯ ಕಡಿಮೆ. ಕತ್ತಲಲ್ಲಿ ಬಯಲ ಮೇಲೆ ಆರಾಮಾಗಿ ಹಾರುತ್ತದೆ, ಹಾರುತ್ತಲೇ ಹೊಟ್ಟೆ ಖಾಲಿ ಮಾಡುತ್ತದೆ. ಸಣ್ಣ ಬಾವಲಿಗಳ ಹೊಟ್ಟೆಯಿಂದ ಬೀಜ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೇ ಹೊರಗೆ ಬೀಳುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಹೊಸದಾಗಿ ಸುಣ್ಣ ಹೊಡೆದ ಗೋಡೆ ಸಾಕು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಕಂದು ಬಣ್ಣದ ಗೀರು ಸಿಡಿದಿರುತ್ತದೆ, ಮನೆಯವರೆಲ್ಲ ಬೈದುಕೊಳ್ಳುತ್ತಾರೆ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿಯಿರಿ. ಸಾಸಿವೆಗಿಂತ ಸಣ್ಣ ಹಳದಿ ಕಾಳುಗಳು ಕಾಣುತ್ತವೆ. ಅತ್ತಿಯದೋ ಗಸಗಸೆ ಮರದ್ದೋ ಬೀಜ.

ಅಂಗಳದ ಬಾದಾಮಿ ಮರದ ಕೆಳಗೆ ಇನ್ನೊಂದು ಸಾಕ್ಷಿ ಸಿಗುತ್ತದೆ: ಒಣಗಿದ ನಾರಿನ ಚಪ್ಪಟೆ ಉಂಡೆಗಳು. ಬಾವಲಿ ಹಣ್ಣನ್ನು ಹಣ್ಣಿನ ಮರದಲ್ಲೇ ಕೂತು ತಿನ್ನುವುದು ಕಡಿಮೆ. ಕಚ್ಚಿಕೊಂಡು ಸ್ವಲ್ಪ ದೂರದ ಬೇರೆ ಮರಕ್ಕೆ ಹೋಗುತ್ತದೆ. ಅಲ್ಲಿ ತಲೆಕೆಳಗಾಗಿ ನೇತಾಡುತ್ತಾ ಅಗಿದು, ಅಂಗುಳಿಗೆ ಒತ್ತಿ ರಸ ಹೀರಿ, ಹಿಪ್ಪೆಯನ್ನು ಉಗುಳುತ್ತದೆ. ಸಣ್ಣ ಬೀಜ ರಸದ ಜೊತೆ ಹೊಟ್ಟೆಗೆ ಹೋಗುತ್ತದೆ, ದೊಡ್ಡ ಬೀಜ ಅಲ್ಲೇ ಕೆಳಗೆ ಬೀಳುತ್ತದೆ. ಸಣ್ಣ ಬೀಜ ದೂರ ಹೋಗುತ್ತದೆ, ದೊಡ್ಡ ಬೀಜ ಹತ್ತಿರದಲ್ಲೇ ಉಳಿಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

(ಎಲ್ಲ ಬಾವಲಿಯೂ ಹಣ್ಣು ತಿನ್ನುವುದಿಲ್ಲ. ಕೋಲಾರದ ಹನುಮನಹಳ್ಳಿ ಗುಹೆಯಲ್ಲಿರುವ ಅಪರೂಪದ ಬಾವಲಿ ಹುಳ ತಿನ್ನುವ ಜಾತಿ. ನಿಮ್ಮ ಆಲದ ಮರದಲ್ಲಿ ಹಗಲೆಲ್ಲ ಕಿಚಕಿಚ ಅನ್ನುತ್ತಾ ನೇತಾಡುವ ದೊಡ್ಡವು ಹಣ್ಣಿನವು.)

ದೂರ ಅಂದರೆ ಎಷ್ಟು ದೂರ? ಆಫ್ರಿಕಾದ ಘಾನಾದ ಲೆಕ್ಕ ನೋಡಿದರೆ ತಲೆ ತಿರುಗುತ್ತದೆ. ರಾಜಧಾನಿ ಅಕ್ರಾದಲ್ಲಿ ಒಂದು ಮಿಲಿಟರಿ ಆಸ್ಪತ್ರೆಯ ಮರಗಳಲ್ಲಿ ಹುಲ್ಲುಬಣ್ಣದ ಬಾವಲಿಗಳ ದೊಡ್ಡ ಹಿಂಡಿದೆ. ಯಾರೋ ಒಬ್ಬ ಮುಖಂಡ ಕಾಯಿಲೆಯಾಗಿ ಆ ಆಸ್ಪತ್ರೆಗೆ ಬಂದನಂತೆ, ಅವನ ಹಿಂದೆಯೇ ಬಾವಲಿಗಳೂ ಬಂದವಂತೆ. ಅವನು ಅಲ್ಲೇ ತೀರಿಕೊಂಡ, ಇವು ಇನ್ನೂ ಕಾಯುತ್ತಿವೆ ಅಂತ ಅಲ್ಲಿಯ ಜನ ಹೇಳುವ ಕಥೆ. ಸಂಶೋಧಕರು ಈ ಬಾವಲಿಗಳಿಗೆ ಜಿಪಿಎಸ್ ಕಟ್ಟಿ ಬಿಟ್ಟರು. ಸಣ್ಣ ಬೀಜವನ್ನು ಇವು 75 ಕಿಲೋಮೀಟರ್ ದೂರದವರೆಗೂ ಒಯ್ಯಬಲ್ಲವು ಅಂತ ಲೆಕ್ಕ ಸಿಕ್ಕಿತು. 2019ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ 1,52,000 ಬಾವಲಿಗಳ ಹಿಂಡು ಒಂದೇ ರಾತ್ರಿಯಲ್ಲಿ 3 ಲಕ್ಷಕ್ಕೂ ಜಾಸ್ತಿ ಸಣ್ಣ ಬೀಜ ಚೆಲ್ಲುತ್ತದೆ. ಅದರಿಂದ 800 ಹೆಕ್ಟೇರಿನಷ್ಟು ಜಾಗದಲ್ಲಿ ಕಾಡು ಮತ್ತೆ ಚಿಗುರಲು ದಾರಿಯಾಗಬಹುದು. ಗಮನಿಸಿ, ಆಗಬಹುದು ಅಷ್ಟೇ. ಪತ್ರಿಕೆಗಳಲ್ಲಿ ಬರುವಾಗ ಈ "ಬಹುದು" ಬಿದ್ದುಹೋಗುತ್ತದೆ.

ಬಿದ್ದ ಬೀಜವೆಲ್ಲ ಮರವಾಗುವುದಿಲ್ಲ ಅನ್ನುವುದಕ್ಕೆ ಕೋಸ್ಟರಿಕಾದ ಕಥೆ ಕೇಳಿ. ಅಲ್ಲಿ ದನ ಮೇಯಿಸಲು ಕಾಡು ಕಡಿದು ಆಮೇಲೆ ಬಿಟ್ಟ ಹುಲ್ಲುಗಾವಲು ಬೇಕಾದಷ್ಟಿವೆ. ಅಲ್ಲಿನ ಸಣ್ಣ ಬಾಲದ ಬಾವಲಿಗೆ ನಮ್ಮ ಕಾಳುಮೆಣಸಿನ ಕುಲದ್ದೇ ಪೊದೆಗಳ ಹಣ್ಣು ಅಂದರೆ ಪ್ರಾಣ. ಆ ಪೊದೆಗಳು, ಬದನೆ ಕುಲದ ಗಿಡಗಳು, ಸೆಕ್ರೋಪಿಯಾ ಮರ, ಇವೆಲ್ಲ ಬಯಲಿನ ಬಿಸಿಲಲ್ಲೇ ಹುಟ್ಟಿ ಸರಸರ ಬೆಳೆಯುವ ಜಾತಿಗಳು. ಕೆಲವರಿಗೆ ಒಂದು ಉಪಾಯ ಹೊಳೆಯಿತು. ಟೊಳ್ಳು ಮರದ ಹಾಗೆ ಒಳಗೆ ಕತ್ತಲಿರುವ ದೊಡ್ಡ ಪೆಟ್ಟಿಗೆ ಮಾಡಿ ಇಟ್ಟರೆ ಬಾವಲಿ ಬಂದು ವಾಸ ಮಾಡುತ್ತವೆ, ಸುತ್ತಲೂ ಬೀಜ ಬೀಳುತ್ತದೆ. 2008ರಲ್ಲಿ ಬಂದ ವರದಿ ಖುಷಿಯದ್ದು: ಹತ್ತು ಜಾತಿಯ ಬಾವಲಿಗಳು ಪೆಟ್ಟಿಗೆ ಸೇರಿದವು, ಬೀಜವೂ ಜಾಸ್ತಿ ಬಿತ್ತು. ಅದೇ ದೇಶದ ದಕ್ಷಿಣ ಭಾಗದಲ್ಲಿ ಬೇರೆಯವರು ಪಾಳು ಹುಲ್ಲುಗಾವಲಿನಲ್ಲಿ ಪೆಟ್ಟಿಗೆ ಇಟ್ಟು ನೋಡಿದರು. 2013ರಲ್ಲಿ ಅವರು ಬರೆದದ್ದು ಬೇರೆಯೇ: ಪೆಟ್ಟಿಗೆಯಿಂದ ಕಾಡು ಬೇಗ ಬೆಳೆಯಲಿಲ್ಲ.

ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಬ್ಯಾಣದ ಕರಡದ (ಒಣಹುಲ್ಲಿನ) ಮೇಲೆ ಬಿದ್ದ ಬೀಜದ ಗತಿ ನಮಗೆಲ್ಲ ಗೊತ್ತು. ಎಷ್ಟೋ ಬೀಜ ಮಣ್ಣು ಮುಟ್ಟುವುದೇ ಇಲ್ಲ. ಮುಟ್ಟಿದ್ದನ್ನು ಇರುವೆ ಹೊತ್ತೊಯ್ಯುತ್ತದೆ. ಮೊಳೆತದ್ದನ್ನು ಹುಲ್ಲು, ಯುಪಟೋರಿಯಂ ಕಳೆ ಮುಚ್ಚುತ್ತವೆ. ಉಳಿದ ಒಂದೆರಡನ್ನು ದನ ಮೇಯುತ್ತದೆ, ಇಲ್ಲವೇ ಮಾರ್ಚಿನ ಬೆಂಕಿ ಮುಗಿಸುತ್ತದೆ. ಇದಕ್ಕೆಲ್ಲ ಬಾವಲಿ ಏನು ಮಾಡೀತು?

ದಕ್ಷಿಣ ಕೋಸ್ಟರಿಕಾದಲ್ಲೇ ಇನ್ನೊಂದು ಪ್ರಯೋಗ ನಡೆದಿದೆ, ನನಗೆ ಪೆಟ್ಟಿಗೆಗಿಂತ ಅದೇ ಇಷ್ಟ. ಇಡೀ ಜಮೀನಿಗೆ ಗಿಡ ನೆಡದೆ ಅಲ್ಲಲ್ಲಿ ಗುಂಪುಗುಂಪಾಗಿ ನೆಟ್ಟರು. ನೆಟ್ಟವುಗಳಲ್ಲಿ ನಮ್ಮ ಹಾಲುವಾಣದ ಕುಲದ್ದೊಂದು ಮರವೂ ಇತ್ತು. ಗುಂಪಿನ ನೆರಳಿಗೆ ಹುಲ್ಲು ಸಾಯುತ್ತದೆ, ಹಕ್ಕಿ ಬಾವಲಿ ಬಂದು ಕೂರುತ್ತವೆ, ಬೀಜ ಬೀಳುತ್ತದೆ, ಗುಂಪು ಅಗಲವಾಗುತ್ತಾ ಹೋಗುತ್ತದೆ.

ನಿಮ್ಮ ಬ್ಯಾಣಕ್ಕೂ ನಾನು ಹೇಳುವುದು ಇದನ್ನೇ. ಈಗ ನಿಂತಿರುವ ಒಂಟಿ ಮರ ಯಾವುದೇ ಇರಲಿ, ಕಡಿಯಬೇಡಿ. ಮುಂಗಾರು ಹಿಡಿಯುವ ಹೊತ್ತಿಗೆ ಆಲ, ಬಸರಿ, ಗೋಳಿಯ ದಪ್ಪ ಕೊಂಬೆ ತಂದು ಗೂಟ ಹುಗಿಯಿರಿ, ಹಾಲುವಾಣವನ್ನೂ ಹಾಗೇ ಹುಗಿಯಬಹುದು. ನಾಲ್ಕೈದು ಕಡೆ ಗುಂಪು ಮಾಡಿ, ಗುಂಪಿನ ಸುತ್ತ ಮಾತ್ರ ಬೇಲಿ ಹಾಕಿದರೆ ಖರ್ಚೂ ಉಳಿಯುತ್ತದೆ. ಬೇಸಿಗೆಗೆ ಮುಂಚೆ ಬೆಂಕಿ ಗೆರೆ (ಬೆಂಕಿ ದಾಟದಂತೆ ಹುಲ್ಲು ಸವರಿದ ಪಟ್ಟಿ) ಹೊಡೆಯುವುದನ್ನು ಮರೆಯಬೇಡಿ, ನನ್ನ ಲೆಕ್ಕದಲ್ಲಿ ಗಿಡ ನೆಡುವುದಕ್ಕಿಂತ ಅದು ಮುಖ್ಯ. ಗಸಗಸೆ ಮರ ಎರಡು ವರ್ಷಕ್ಕೇ ಹಣ್ಣು ಬಿಡುತ್ತದೆ, ಬಾವಲಿ ಮುಗಿಬೀಳುತ್ತವೆ. ಅದು ಅಮೆರಿಕದ ಮರ, ನಮ್ಮ ಕಾಡಿಗೆ ಯಾಕೆ ಅಂತ ಕೆಲವರ ತಕರಾರು. ಬಾವಲಿಗೆ ನಮ್ಮದು ಪರರದ್ದು ಅಂತ ಇಲ್ಲ, ಪೇರಲೆಯನ್ನೂ ಹಾಗೇ ಹಬ್ಬಿಸುತ್ತವೆ. ನಾನಾದರೆ ಅಂಚಿನಲ್ಲಿ ಒಂದೆರಡು ನೆಟ್ಟು, ಉಳಿದ ಮರಗಳು ಎತ್ತರಕ್ಕೆ ಬಂದ ಮೇಲೆ ಗಸಗಸೆಯನ್ನು ತೆಗೆಯುತ್ತೇನೆ. ಆ ಕಡೆ ದೀಪದ ಕಂಬ ಹಾಕಿಸಬೇಡಿ. ಬೀದಿದೀಪದ ಬೆಳಕಿರುವ ಕಡೆ ಬಾವಲಿ ಹಣ್ಣು ತಿನ್ನುವುದು ಕಡಿಮೆ ಅಂತ ಕೋಸ್ಟರಿಕಾದಲ್ಲಿ ಪರೀಕ್ಷಿಸಿ ನೋಡಿದ್ದಾರೆ.

ಇಷ್ಟು ಮಾಡಿದರೂ ಬಾವಲಿ ತಂದು ಹಾಕುವುದು ಹೆಚ್ಚಾಗಿ ಸಣ್ಣ ಬೀಜದ ಮರಗಳನ್ನೇ. ಸುರಹೊನ್ನೆ, ಹಿಪ್ಪೆ ಮರಗಳ ದೊಡ್ಡ ಬೀಜಗಳನ್ನೂ ದೊಡ್ಡ ಬಾವಲಿ ಕಚ್ಚಿಕೊಂಡು ಹೋಗುತ್ತದೆ, ಆದರೆ ಹತ್ತಿರದ ಮರದವರೆಗೆ. ರಾಮಪತ್ರೆಯಂಥ ದೊಡ್ಡ ಬೀಜದ ಕಾಡುಮರ ಬೇಕಾದರೆ ಮಂಗಟ್ಟೆ (ದೊಡ್ಡ ಕೊಕ್ಕಿನ ಹಕ್ಕಿ, ಹಾರ್ನ್‌ಬಿಲ್) ಬರಬೇಕು. ಮಂಗಟ್ಟೆ ಇಲ್ಲದ ಊರಾದರೆ ಆ ಸಸಿಗಳನ್ನು ನೆರಳು ಬಂದ ಮೇಲೆ ನೀವೇ ನೆಡಬೇಕು.

ಇನ್ನು ನಿಫಾ. ಈ ವೈರಸ್ ಹಣ್ಣಿನ ಬಾವಲಿಗಳಲ್ಲಿ ಇರುವುದು ನಿಜ, 2018ರಲ್ಲಿ ಕೋಯಿಕ್ಕೋಡಿನಲ್ಲಿ ಜನ ಸತ್ತದ್ದೂ ನಿಜ. ಹಾಗಾಗಿ ಊರವರ ಭಯವನ್ನು ಗೇಲಿ ಮಾಡಬೇಡಿ. ಮರ ಕಡಿದರೆ ಭಯ ಹೋಗುತ್ತದಾ ಅಂತ ಮಾತ್ರ ಕೇಳಿ. ಕಡಿದರೆ ಬಾವಲಿ ಮಾಯವಾಗುವುದಿಲ್ಲ. ಚೆಲ್ಲಾಪಿಲ್ಲಿಯಾಗಿ ತೋಟಕ್ಕೆ, ಮನೆ ಹಿಂದಿನ ಮಾವಿನ ಮರಕ್ಕೆ ಬಂದು ಸೇರುತ್ತವೆ. ಗಾಬರಿಯಾದ ಬಾವಲಿಯಿಂದ ವೈರಸ್ ಹೊರಬೀಳುವ ಸಾಧ್ಯತೆಯೂ ಜಾಸ್ತಿ ಅನ್ನುತ್ತಾರೆ ತಿಳಿದವರು. ಹಿಂದೆ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣಿನ ಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಉಪದ್ರವದ ಪಟ್ಟಿಗೆ, ಅಂದರೆ ಕೊಂದರೂ ತಪ್ಪಿಲ್ಲ ಅನ್ನುವ ಪ್ರಾಣಿಗಳ ಪಟ್ಟಿಗೆ, ಸೇರಿಸಿದ್ದರು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿದೆ. ಪಂಚಾಯಿತಿಯಲ್ಲಿ ಮಾತು ಬಂದರೆ ಇದನ್ನೂ ಹೇಳಿ.

ಬಾವಲಿ ಕಚ್ಚಿದ, ಗೀರಿದ ಹಣ್ಣು ಯಾರೂ ತಿನ್ನದಿದ್ದರೆ, ಬಿದ್ದ ಹಣ್ಣನ್ನು ಮಕ್ಕಳು ಬಾಯಿಗೆ ಹಾಕದಿದ್ದರೆ, ಸತ್ತ ಬಾವಲಿಯನ್ನು ಬರಿಗೈಲಿ ಮುಟ್ಟದಿದ್ದರೆ, ತೆರೆದ ಬಾವಿಗೆ ಬಲೆ ಮುಚ್ಚಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಗೋಟು ಹೆಕ್ಕುವ ಆಳುಗಳಿಗೆ ನಾವು ಕೈಗವಸು ಕೊಡುತ್ತೇವೆ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ ಅಂತ ಹೇಳುತ್ತೇವೆ.