ತೂಕ ಕಡಿಮೆಯಿದ್ದರೂ ಖಾಸಗಿತನದ ಕಾನೂನು ಅನ್ವಯಿಸುತ್ತದೆ

ನಮಸ್ಕಾರ. ನಿಮ್ಮ ಡ್ರೋನ್ 249 ಗ್ರಾಂ ಮಾತ್ರ ತೂಗುವಾಗಲೂ, ತಮ್ಮ ಬಾಲ್ಕನಿಯ ಚಿತ್ರೀಕರಣವಾಗಿದೆಯೆಂದು ಪಕ್ಕದ ಮನೆಯವರು ದೂರು ಕೊಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಕೊಡಬಹುದು. ಹಲವು ದೇಶಗಳಲ್ಲಿರುವ 250 ಗ್ರಾಂ ಮಿತಿಯು ಮುಖ್ಯವಾಗಿ ನೋಂದಣಿ ಮತ್ತು ಪರವಾನಗಿಗೆ ಸಂಬಂಧಿಸಿದ್ದು. ಖಾಸಗಿತನದ ಕಾನೂನು ಪರಿಶೀಲಿಸುವುದು ಕ್ಯಾಮೆರಾ ಏನನ್ನು ಸೆರೆಹಿಡಿಯಿತು ಎಂಬುದನ್ನೇ ಹೊರತು ಯಂತ್ರದ ತೂಕವನ್ನಲ್ಲ. ಐರೋಪ್ಯ ಒಕ್ಕೂಟದಲ್ಲಂತೂ, ಆಟಿಕೆಯಲ್ಲದ ಡ್ರೋನ್‌ನಲ್ಲಿ ಕ್ಯಾಮೆರಾ ಇದ್ದರೆ, ತೂಕ ಇದಕ್ಕಿಂತ ಕಡಿಮೆಯಿದ್ದರೂ ಹಾರಿಸುವವರು ನೋಂದಾಯಿಸಿಕೊಳ್ಳಬೇಕು.

ಮೇಲೇರುವಾಗ ಬಾಲ್ಕನಿ ಕ್ಷಣಕಾಲ ಚೌಕಟ್ಟಿಗೆ ಬಂದುಹೋಗುವುದಕ್ಕೂ, ಕಿಟಕಿಯೆದುರು ಡ್ರೋನ್ ನಿಲ್ಲಿಸಿ ಒಳಗಿನವರನ್ನು ಚಿತ್ರೀಕರಿಸುವುದಕ್ಕೂ ಅಜಗಜಾಂತರವಿದೆ. ಎರಡನೆಯದು ಅನೇಕ ಕಡೆ ಜೈಲು ಶಿಕ್ಷೆಯವರೆಗೂ ಹೋಗಬಹುದಾದ ಅಪರಾಧ. ಆ ದೃಶ್ಯವನ್ನು ಜಾಲತಾಣದಲ್ಲಿ ಹಂಚಿಕೊಂಡರೆ ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ. ನಿಮ್ಮ ಉದ್ದೇಶ ಕೆಟ್ಟದ್ದಲ್ಲವೆಂದು ನಂಬುತ್ತೇನೆ, ಆದರೆ ತಮ್ಮ ಮನೆಯಲ್ಲೇ ಯಾರೋ ನೋಡುತ್ತಿದ್ದಾರೆಂಬ ಆತಂಕ ಅವರಿಗೆ ನಿಜವಾದದ್ದೇ.

ದಯವಿಟ್ಟು ಏನನ್ನೂ ಗಾಬರಿಯಿಂದ ಅಳಿಸಬೇಡಿ. ಹಾರಾಟದ ಸಮಯ, ಎತ್ತರ, ಸ್ಥಳ ಮತ್ತು ಹಲವು ಮಾದರಿಗಳಲ್ಲಿ ಕ್ಯಾಮೆರಾದ ಕೋನವೂ ದಾಖಲೆಯಲ್ಲಿ ಉಳಿದಿರುತ್ತವೆ. ಡ್ರೋನ್ ಅಲ್ಲಿ ನಿಲ್ಲದೆ ಮುಂದೆ ಹೋಯಿತೆಂದು ತೋರಿಸಲು ನಿಮಗಿರುವ ಬಲವಾದ ಸಾಕ್ಷ್ಯವೂ ಅದೇ. ಪಕ್ಕದವರನ್ನು ಕೂರಿಸಿಕೊಂಡು ಇಡೀ ದೃಶ್ಯವನ್ನು ತೋರಿಸಿ, ಕ್ಷಮೆ ಕೇಳಿ. ಇನ್ನೊಂದು ವಿಷಯ: ಅವರು ಕೋಪದಲ್ಲಿ ಡ್ರೋನನ್ನು ಹೊಡೆದುರುಳಿಸುವಂತಿಲ್ಲ, ಅಮೆರಿಕದಲ್ಲಿ ಡ್ರೋನ್ ಕೂಡ ವಿಮಾನವೆಂದೇ ಪರಿಗಣಿತವಾಗಿರುವುದರಿಂದ ಅದು ಗಂಭೀರ ಅಪರಾಧವಾಗಬಹುದು.

ಮುಂದೆ ಹಾರಿಸುವಾಗ ಮನೆಗಳ ಎತ್ತರ ದಾಟುವವರೆಗೂ ಕ್ಯಾಮೆರಾವನ್ನು ನೇರ ಕೆಳಕ್ಕೆ ಬಾಗಿಸಿಟ್ಟು, ಆಮೇಲಷ್ಟೇ ರೆಕಾರ್ಡಿಂಗ್ ಗುಂಡಿ ಒತ್ತಿ.