ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು?

ಮೊದಲ ಬಾರಿಗೆ ಅಣ್ಣನ ಮನೆಗೆ ಹೊರಟಿರುವ ನಿಮ್ಮ ತಾಯಿಯವರಿಗಾಗಿ ಈ ಪ್ರಶ್ನೆ ಕೇಳಿದ್ದೀರಿ. ದೂರದ ಪ್ರಶ್ನೆಗೆ ಒಂದೇ ಉತ್ತರವಿದೆ, ಸಮಯದ ಪ್ರಶ್ನೆಗೆ ಹಾಗಿಲ್ಲ. ಮಗಳ ಮನೆಗೆಂದು ಕೆಲವು ಸಲ ಈ ದಾರಿಯಲ್ಲಿ ಓಡಾಡಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಭೂಮಿಯ ಮೇಲ್ಮೈಯಲ್ಲಿ ಅಳೆದರೆ ಎರಡು ಊರುಗಳ ನಡುವಿನ ಅತಿ ಕಡಿಮೆ ದೂರ ಸುಮಾರು 14,000 ಕಿಲೋಮೀಟರ್. ಭೂಪಟ ನೋಡಿದವರು ಈ ಹಾದಿ ಪೂರ್ವಕ್ಕೋ ಪಶ್ಚಿಮಕ್ಕೋ ಹೋಗುತ್ತದೆಂದು ಊಹಿಸುವುದು ಸಹಜ. ನಿಜವಾಗಿ ಅದು ಉತ್ತರಕ್ಕೆ ಹೋಗುತ್ತದೆ. ಎರಡೂ ಊರುಗಳ ರೇಖಾಂಶಗಳ ನಡುವೆ 160 ಡಿಗ್ರಿ ಅಂತರವಿರುವುದರಿಂದ, ಶಾಲೆಯ ಗೋಳದ ಮೇಲೆ ದಾರವೆಳೆದು ನೋಡಿದರೆ ಅದು ಟಿಬೆಟ್, ಚೀನಾ, ಸೈಬೀರಿಯಾಗಳನ್ನು ಹಾದು, ಅಲಾಸ್ಕಾದ ಕಡೆಯಿಂದ ಕೆಳಗಿಳಿಯುತ್ತದೆ. ಉತ್ತರ ಧ್ರುವದ ಮೇಲೆಯೇ ಹಾದುಹೋದರೂ ಲೆಕ್ಕದಲ್ಲಿ ಹೆಚ್ಚಾಗುವುದು 400 ಕಿಲೋಮೀಟರ್‌ಗಿಂತ ಕಡಿಮೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನವನ್ನು ತಂದದ್ದು ಹೀಗೆ ಧ್ರುವವನ್ನು ದಾಟಿಯೇ. ಹಿಡಿದ ಸಮಯ ಸುಮಾರು 17 ಗಂಟೆ.

ಗಂಟೆಗೆ 900 ಕಿಲೋಮೀಟರ್ ವೇಗವೆಂದರೆ ಹದಿನೈದೂವರೆ ಗಂಟೆಯಾಗಬೇಕು. ಆದರೆ ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿಯ ಹೊಳೆಯಿದೆ. ಅಮೆರಿಕದ ಕಡೆಗೆ ಹೋಗುವಾಗ ಅದು ಬೆನ್ನಿಗಿದ್ದರೆ ಹೆಚ್ಚುಕಡಿಮೆ 16 ಗಂಟೆಯಲ್ಲಿ ತಲುಪಬಹುದು, ಮರಳುವಾಗ ಎದುರಾದರೆ 17 ಗಂಟೆಯೂ ಮೀರುತ್ತದೆ. ಯಾವ ದೇಶದ ಆಕಾಶ ತೆರೆದಿದೆ, ಯಾವುದು ಮುಚ್ಚಿದೆ ಎಂಬುದೂ ಇದರಲ್ಲಿ ಸೇರುತ್ತದೆ.

ನೇರ ವಿಮಾನಗಳ ವೇಳಾಪಟ್ಟಿ ಆಗಾಗ ಬದಲಾಗುವುದರಿಂದ, ನಿಮ್ಮ ದಿನಾಂಕಕ್ಕೆ ಅದು ಇದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಇಲ್ಲವಾದರೆ ದುಬೈ, ಫ್ರಾಂಕ್‌ಫರ್ಟ್ ಅಥವಾ ಸಿಂಗಾಪುರದಲ್ಲಿ ವಿಮಾನ ಬದಲಿಸಬೇಕಾಗುತ್ತದೆ. ದುಬೈ ಮೂಲಕ ಹೋದರೆ ದೂರ 15,700 ಕಿಲೋಮೀಟರ್‌ನಷ್ಟಾಗುತ್ತದೆ, ಉಳಿದೆರಡರಲ್ಲಿ 16,500 ದಾಟುತ್ತದೆ. ಹಾರಾಟವೇ 20 ಗಂಟೆಯ ಆಸುಪಾಸು, ನಡುವಿನ ಕಾಯುವಿಕೆ ಬೇರೆ. ಫ್ರಾಂಕ್‌ಫರ್ಟ್‌ನ ದಾರಿ ಉದ್ದವಾದರೂ ವಯಸ್ಸಾದವರಿಗೆ ನಾನು ಅದನ್ನೇ ಹೇಳುತ್ತೇನೆ, ಏಕೆಂದರೆ ಅಲ್ಲಿ ಪ್ರಯಾಣ ಹತ್ತಿರ ಹತ್ತಿರ ಎರಡು ಸಮಭಾಗವಾಗುತ್ತದೆ. ದುಬೈನಿಂದ ಮುಂದೆ ಒಂದೇ ಉಸಿರಿಗೆ 16 ಗಂಟೆ ಕುಳಿತರೆ ಕಾಲು ಊದಿಕೊಳ್ಳುತ್ತದೆ. ಟಿಕೆಟ್ ಕಾಯ್ದಿರಿಸುವಾಗಲೇ ಗಾಲಿಕುರ್ಚಿ ಕೇಳಿಬಿಡಿ, ಭಾಷೆ ಬಾರದವರಿಗೆ ದಾರಿ ತೋರಿಸುವ ಜೊತೆಯೂ ಸಿಕ್ಕಂತಾಗುತ್ತದೆ.

ಕೊನೆಯದಾಗಿ ಗಡಿಯಾರದ ವಿಚಾರ. ಕ್ಯಾಲಿಫೋರ್ನಿಯಾ ನಮಗಿಂತ ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ, ಚಳಿಗಾಲದಲ್ಲಿ 13 ಗಂಟೆ 30 ನಿಮಿಷ ಹಿಂದಿದೆ. ಆದ್ದರಿಂದ ಬೇಸಿಗೆಯಲ್ಲಿ ಮಧ್ಯಾಹ್ನ 2ಕ್ಕೆ ಇಲ್ಲಿಂದ ನೇರವಾಗಿ ಹೊರಟವರು 16 ಗಂಟೆ ಹಾರಿ ಅಲ್ಲಿ ಇಳಿಯುವುದು ಅದೇ ದಿನ ಸಂಜೆ ಐದೂವರೆಗೆ. ಮರಳುವಾಗ ಇದಕ್ಕೆ ತದ್ವಿರುದ್ಧ: ಅಲ್ಲಿ ಶುಕ್ರವಾರ ರಾತ್ರಿ 9ಕ್ಕೆ ಹೊರಟರೆ ಇಲ್ಲಿ ಭಾನುವಾರ ನಸುಕಿನಲ್ಲಿ ಇಳಿಯುತ್ತಾರೆ; ಅಂದರೆ ಅಮ್ಮನನ್ನು ಕರೆತರಲು ನೀವು ಶನಿವಾರ ರಾತ್ರಿಯೇ ದೇವನಹಳ್ಳಿಯ ದಾರಿ ಹಿಡಿಯಬೇಕು.